ಡ್ರಿಲ್ ಮೇಷ್ಟ್ರ ಬಲ ಮಂಡಿ

ಕೀಲಿನ ಕೋನ ಅಳೆಯುವ ಅಳತೆಗೋಲಿನ ಒಂದು ತೋಳನ್ನು ತೊಡೆಯುದ್ದಕ್ಕೆ, ಇನ್ನೊಂದನ್ನು ಪಾದದ ಗೆಣ್ಣಿನ ನೇರಕ್ಕೆ ಹಿಡಿದು ನೋಡಿದೆ. ಎಪ್ಪತ್ತೆರಡು ಡಿಗ್ರಿ. ತಪ್ಪಿರಬಹುದೆಂದು ಮತ್ತೊಮ್ಮೆ ಅಳೆದೆ. ಎಪ್ಪತ್ತೆರಡೇ. ಹಿಂದಿನ ವಾರ ಇದೇ ಮಂಚದ ಮೇಲೆ ಇದೇ ಮಂಡಿ ಎಂಬತ್ತೈದರವರೆಗೆ ಬಗ್ಗಿತ್ತು.

“ಎಷ್ಟಾತು ಮೇಡಂ?” ಎಂದು ಮೇಷ್ಟ್ರು ಕೇಳಿದರು. ಹಣೆಯಲ್ಲಿ ಬೆವರು ಮೂಡಿತ್ತು, ಆದರೂ ಮುಖದಲ್ಲಿ ಗೆದ್ದವರ ಕಳೆ.

“ಸ್ವಲ್ಪ ಕಮ್ಮಿ ಆಗೈತೆ ಸರ್.”

“ಕಮ್ಮಿ? ಹೆಂಗಾಗುತ್ತೆ? ನೀವು ಹೇಳಿದ್ದಕ್ಕಿಂತ ಜಾಸ್ತೀನೇ ಮಾಡ್ತಿದೀನಲ್ರಿ!”

ನಾನು ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ವಾರದಲ್ಲಿ ಕೆಲವು ಬೆಳಿಗ್ಗೆ ಬಸ್ಸು ಹತ್ತಿ ಹೊಳಲ್ಕೆರೆಗೆ ಹೋಗಿ, ಆಪರೇಷನ್ ಆಗಿ ಮನೆ ಸೇರಿದವರಿಗೆ ವ್ಯಾಯಾಮ ಮಾಡಿಸಿ ಬರುತ್ತೇನೆ. ಈ ಮೇಷ್ಟ್ರು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದವರು. ಊರಿಗೆಲ್ಲ ಡ್ರಿಲ್ ಮೇಷ್ಟ್ರು. ನಿವೃತ್ತಿಯಾದ ಮೇಲೂ ಹುಡುಗಿಯರ ಖೋಖೋ ತಂಡವನ್ನು ಬಿಟ್ಟಿರಲಿಲ್ಲ. ಮಂಡಿ ಸವೆದು ಮೈದಾನದ ಸುತ್ತ ಕುಂಟತೊಡಗಿದಾಗ ನಮ್ಮ ಆಸ್ಪತ್ರೆಯಲ್ಲೇ ಬಲಗಾಲಿನ ಕೀಲು ಬದಲಾಯಿಸಿದ್ದರು. ಆಪರೇಷನ್ ಆಗಿ ಆರು ವಾರ; ಚೆನ್ನಾಗಿಯೇ ಆಗಿತ್ತು. ಹೊಲಿಗೆ ಒಣಗಿತ್ತು. ವಾಕರ್ ಬಿಟ್ಟು ಕೋಲು ಹಿಡಿದಿದ್ದರು. ಬಗ್ಗುವುದೊಂದೇ ದಿನದಿಂದ ದಿನಕ್ಕೆ ಹಿಂದಕ್ಕೆ ಸರಿಯುತ್ತಿತ್ತು.

ಮಂಡಿಚಿಪ್ಪಿನ ಎರಡೂ ಪಕ್ಕದಲ್ಲಿ ಇರಬೇಕಾದ ಸಣ್ಣ ಗುಳಿ ತುಂಬಿ ಹೋಗಿತ್ತು. ಅಂಗೈ ಇಟ್ಟರೆ ಎಡಗಾಲಿಗಿಂತ ಬಿಸಿ. ಚಿಪ್ಪನ್ನು ಎರಡು ಹೆಬ್ಬೆರಳಲ್ಲಿ ಹಿಡಿದು ಪಕ್ಕಕ್ಕೆ ಸರಿಸಲು ನೋಡಿದೆ. ನೆಲಕ್ಕೆ ಅಂಟಿಸಿದ ಹಾಗೆ ಕೂತಿತ್ತು.

“ದಿನಕ್ಕೆ ಎಷ್ಟು ಸಲ ಮಾಡ್ತೀರಿ ಸರ್?”

ಅವರು ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಹೇಳಿದರು. “ಎಷ್ಟು ಸಲ ಅಂತ ಕೇಳ್ಬ್ಯಾಡ್ರಿ. ಎಷ್ಟೊತ್ತು ಬಿಡ್ತಾರೆ ಅಂತ ಕೇಳ್ರಿ. ಬಾಯಾಗೆ ಟವಲ್ ಕಚ್ಕಂಡು ಮಾಡ್ತಾರೆ. ನೋಡಾಕಾಗದೆ ನಾನು ಹಿತ್ತಲಿಗೆ ಹೋಗಿ ಕುಂತ್ಕಂತೀನಿ.”

“ನೋವಿಲ್ದೆ ಯಾವುದು ಬಂದೈತೆ?” ಎಂದರು ಮೇಷ್ಟ್ರು. “ಹೊಸದುರ್ಗದಾಗೆ ಟೂರ್ನಮೆಂಟ್ ಐತೆ. ಅಷ್ಟೊತ್ತಿಗೆ ಗ್ರೌಂಡಿನ ಪಕ್ಕ ನಿಂತಿರಬೇಕು ನಾನು.”

ಹಾಕಿದ ಕೀಲು ಲೋಹದ್ದು. ಆದರೆ ಅದರ ಸುತ್ತ ಇರುವುದು ಹಳೆಯ ಮಾಂಸ, ಹಳೆಯ ನರ, ಹಳೆಯ ಪೊರೆ. ಕೊಯ್ದ ಜಾಗ ಕೂಡಿಕೊಳ್ಳಲು ಮೈ ಒಳಗೊಳಗೇ ಅಂಟು ಹಾಕುತ್ತಾ ಹೋಗುತ್ತದೆ. ಮಂಡಿಯನ್ನು ಆಡಿಸದೆ ಬಿಟ್ಟರೆ ಆ ಅಂಟು ಗಟ್ಟಿಯಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಮಿತಿಮೀರಿ ಹಿಂಸಿಸಿದರೂ ಹಾಗೆಯೇ ಎಂಬುದನ್ನು ರೋಗಿಗಳಿಗೆ ಒಪ್ಪಿಸುವುದು ಕಷ್ಟ. ಜಗ್ಗಿದಷ್ಟೂ ಒಳಗೆ ನೀರು ತುಂಬುತ್ತದೆ, ನೀರು ತುಂಬಿದಷ್ಟೂ ತೊಡೆಯ ಸ್ನಾಯು ಕೆಲಸ ನಿಲ್ಲಿಸುತ್ತದೆ, ಅಂಟು ಇನ್ನಷ್ಟು ಬೆಳೆಯುತ್ತದೆ. ಇದನ್ನೆಲ್ಲ ಕೂತು ಹೇಳಿದೆ. ವ್ಯಾಯಾಮ ಅರ್ಧಕ್ಕಿಳಿಸಿ, ಮಂಜುಗಡ್ಡೆ ಇಟ್ಟು ಕಾಲನ್ನು ಎದೆಗಿಂತ ಮೇಲಿಡಿ, ಮಂಡಿಯಡಿ ದಿಂಬು ಬೇಡ, ಹಿಮ್ಮಡಿಯಡಿ ಮಾತ್ರ ಎಂದೆ. ಮೇಷ್ಟ್ರು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು. ಆ ತಲೆಯಾಟವನ್ನು ನಾನು ಅಷ್ಟಾಗಿ ನಂಬಲಿಲ್ಲ.

ಅಂದು ಮಧ್ಯಾಹ್ನ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರಿಗೆ ವಿಷಯ ತಿಳಿಸಿದೆ. “ಈ ಹೊತ್ತಿಗೆ ತೊಂಬತ್ತು ದಾಟಿರಬೇಕಿತ್ತು,” ಎಂದರು. “ಹಿಂಗೇ ನಿಂತ್ರೆ ಅರಿವಳಿಕೆ ಕೊಟ್ಟು ನಾನೇ ಬಗ್ಗಿಸಬೇಕಾಗುತ್ತೆ. ಅದೂ ಆಪರೇಷನ್ ಆಗಿ ಮೂರು ತಿಂಗಳೊಳಗೆ. ಆಮೇಲೆ ಅಂಟು ಹಗ್ಗ ಆಗಿಬಿಡುತ್ತೆ.”

ಮುಂದಿನ ಸಲ ಹೊರಟಾಗ ಬಸ್ಸು ಇನ್ನೂ ಹೊಳಲ್ಕೆರೆ ಮುಟ್ಟಿರಲಿಲ್ಲ, ಮೇಷ್ಟ್ರ ಹೆಂಡತಿಯ ಫೋನು ಬಂತು. “ಎಲ್ಲಿದೀರಿ? ಬೇಗ ಬರ್ರಿ” ಎಂದಷ್ಟೇ ಹೇಳಿ ಇಟ್ಟರು. ಸ್ಟ್ಯಾಂಡಿನಿಂದ ಅವರ ಮನೆಗೆ ಓಡುನಡಿಗೆಯಲ್ಲೇ ಹೋದೆ. ಅಂಗಳದಲ್ಲಿ ಹೆಗಲ ಮೇಲೆ ಕಂಬಳಿ ಹಾಕಿದ, ಎತ್ತರದ ಒಬ್ಬರು ಗೋಡೆಗೆ ಒರಗಿ ನಿಂತಿದ್ದರು. ಮೇಷ್ಟ್ರ ತಮ್ಮ. ಹೊರಕೆರೆದೇವಪುರದ ಕಡೆಯ ಕುರಿ ಸಾಕುವ ಮನೆತನ ಅವರದು. ಅಣ್ಣ ಓದಿ ಮೇಷ್ಟ್ರಾದರು, ತಮ್ಮ ಕುರಿ ಹಿಂಡಿನ ಜೊತೆ ಉಳಿದರು. ಹಿರಿಯೂರು ಕಡೆ ಹಿಂಡು ಬಿಟ್ಟು ಅಣ್ಣನನ್ನು ನೋಡಲು ಹಿಂದಿನ ಸಂಜೆ ಬಂದಿದ್ದರಂತೆ. ನನ್ನನ್ನು ಕಂಡು ಮುಖ ತಿರುಗಿಸಿದರು.

ಒಳಗೆ ಮೇಷ್ಟ್ರು ಅಂಗಾತ ಮಲಗಿ ಸೂರು ನೋಡುತ್ತಿದ್ದರು. ಮಂಡಿ ಊದಿ ಮಡಕೆಯ ಹಾಗಾಗಿತ್ತು. ಅದರ ಕೆಳಗೆ ಕಾಲಿನುದ್ದಕ್ಕೂ ನೀಲಿ ಹರಡುತ್ತಿತ್ತು.

“ಏನಾತು?”

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದರು. “ತಮ್ಮನ್ನ ಕರ್ದು, ಬೋರಲು ಮಲಗಿ, ಹಿಮ್ಮಡಿ ಹಿಡ್ದು ಒತ್ತೋ ಅಂದ್ರು. ಬ್ಯಾಡ ಬ್ಯಾಡ ಅಂದೆ. ಟಕ್ ಅಂತು ಮೇಡಂ. ನನಗೂ ಕೇಳಿಸ್ತು.”

“ಸರ್, ಕಾಲು ನೆಟ್ಟಗಿಟ್ಟುಕೊಂಡು ಮೇಲಕ್ಕೆತ್ತಿ.”

ಅವರು ಹಲ್ಲು ಕಚ್ಚಿದರು. ತೊಡೆ ನಡುಗಿತು. ಹಿಮ್ಮಡಿ ಹಾಸಿಗೆ ಬಿಟ್ಟು ಕೂದಲೆಳೆಯಷ್ಟೂ ಮೇಲೇಳಲಿಲ್ಲ.

ಮಂಡಿಚಿಪ್ಪನ್ನು ಕೆಳಗಿನ ಮೂಳೆಗೆ ಕಟ್ಟಿ ಹಿಡಿಯುವುದು ಒಂದು ಪಟ್ಟಿಯಂಥ ನಾರು. ಕೀಲು ಬದಲಾಯಿಸಿದ ಕಾಲಿನಲ್ಲಿ ಅದು ಹರಿದರೆ ಮತ್ತೆ ಹೊಲಿದು ಸರಿಮಾಡುವುದು ಬಹಳ ಕಷ್ಟ. ಕಾಲು ಇರುತ್ತದೆ, ಎತ್ತಲು ಬರುವುದಿಲ್ಲ. ಹೆಜ್ಜೆ ಹೆಜ್ಜೆಗೂ ಮಡಚಿ ಬೀಳಿಸುತ್ತದೆ. ಬೆರಳಿಟ್ಟು ಹುಡುಕಿದೆ. ಎಲ್ಲಾದರೂ ಹರಿದ ತಗ್ಗು ಸಿಗುತ್ತದೆಯೋ ಎಂದು. ಊತದೊಳಗೆ ಏನೂ ತಿಳಿಯಲಿಲ್ಲ.

ಉದ್ದನೆಯ ಪಟ್ಟಿ ಕಟ್ಟಿ ಕಾಲನ್ನು ಅಲುಗದ ಹಾಗೆ ಮಾಡಿದೆ. ಓಣಿಯಲ್ಲೇ ಒಂದು ಕಾರು ಸಿಕ್ಕಿತು. ಮೇಷ್ಟ್ರನ್ನು ಹಿಂದಿನ ಸೀಟಿನಲ್ಲಿ ಅಡ್ಡಕ್ಕೆ ಮಲಗಿಸಿ, ಪಾದವನ್ನು ಹೆಂಡತಿಯ ಮಡಿಲಲ್ಲಿ ಇಟ್ಟೆವು. ನಾನು ಸೀಟುಗಳ ನಡುವಿನ ಸಂದಿಯಲ್ಲಿ ಅವರ ಮಂಡಿ ಹಿಡಿದು ಕೂತೆ. ತಮ್ಮ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡಲಿಲ್ಲ. ಒಂದೇ ಸಲ, ಗಾಜಿನ ಕಡೆ ಮುಖ ಮಾಡಿಕೊಂಡೇ, “ಅಣ್ಣ ಒತ್ತು ಅಂದ. ಒತ್ತಿದೆ. ಕುರಿಮರಿ ಕಾಲು ಸೊಟ್ಟ ಆದ್ರೆ ಹಂಗೇ ಎಳ್ದು ಬಿಡ್ತೀವಿ. ಇದೂ ಹಂಗೇ ಅಂದ್ಕಂಡೆ” ಎಂದರು.

ದುರ್ಗದ ಬೆಟ್ಟ ಕಾಣಿಸತೊಡಗಿದಾಗ ಮೇಷ್ಟ್ರು ಮೆಲ್ಲಗೆ ಕೇಳಿದರು. “ಕಾಲು ಹೋತಾ ಮೇಡಂ?”

“ಗೊತ್ತಿಲ್ಲ ಸರ್. ನೋಡಾಣ.”

ಸುಳ್ಳು ಧೈರ್ಯ ಹೇಳಲು ಬಾಯಿ ಬರಲಿಲ್ಲ.

ಎಕ್ಸ್‌ರೇಯಲ್ಲಿ ಲೋಹ ಕದಲಿರಲಿಲ್ಲ, ಮೂಳೆ ಮುರಿದಿರಲಿಲ್ಲ, ಚಿಪ್ಪು ತನ್ನ ಎತ್ತರದಲ್ಲೇ ಇತ್ತು. ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರು ಪರದೆಯ ಮೇಲೆ ಆ ನಾರನ್ನು ಮೇಲಿಂದ ಕೆಳಗೆ ನಿಧಾನವಾಗಿ ಹಿಂಬಾಲಿಸಿದರು. ಒಂದೆಡೆ ಎಳೆಗಳು ಕಿತ್ತು ಮಸುಕಾಗಿದ್ದವು. ನಾರು ತುಂಡಾಗಿರಲಿಲ್ಲ. ಡಾಕ್ಟರು ಉಸಿರು ಬಿಟ್ಟರು. ಆಮೇಲೆ ನಾನು.

ಆದರೆ ಮಂಡಿ ಸುಡುತ್ತಿತ್ತು. ರಕ್ತಪರೀಕ್ಷೆಯಲ್ಲಿ ಉರಿಯೂತದ ಅಂಶ ಏರಿತ್ತು. ಒಳಗೆ ಸೋಂಕು ಸೇರಿದ್ದರೆ ಬಗ್ಗುವ ಮಾತು ಹಾಗಿರಲಿ, ಹಾಕಿದ ಕೀಲನ್ನೇ ತೆಗೆಯಬೇಕಾಗುತ್ತದೆ. ಡಾಕ್ಟರು ಸೂಜಿ ಹಾಕಿ ನೀರು ತೆಗೆದರು. ಸಿರಿಂಜು ತುಂಬಿ ಇನ್ನೊಂದು ಬೇಕಾಯಿತು. ಹಳೆಯ ಬೆಲ್ಲದ ಪಾಕದಂಥ ಕಂದುಗೆಂಪು ದ್ರವ. ಅದನ್ನು ಪರೀಕ್ಷೆಗೆ ಕಳಿಸಿದರು. ಒತ್ತಡ ಇಳಿದ ಮೇಲೆ ನಾನು ಮತ್ತೆ ಕಾಲೆತ್ತಲು ಹೇಳಿದೆ. ಹಿಮ್ಮಡಿ ಹಾಸಿಗೆಯಿಂದ ಬೆರಳು ತೂರುವಷ್ಟು ಮೇಲೆದ್ದಿತು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ನೋವಿಗೆ ಕಣ್ಣೀರು ಹಾಕದವರು ಇದಕ್ಕೆ ಹಾಕಿದರು.

ವರಾಂಡದಲ್ಲಿ ಡಾಕ್ಟರಿಗೂ ನನಗೂ ಮಾತು ಬೆಳೆಯಿತು. “ಸೋಂಕಿಲ್ಲ ಅಂತ ವರದಿ ಬಂದ ಕೂಡಲೇ ಬಗ್ಗಿಸಿಬಿಡ್ತೀನಿ. ಟೈಮ್ ಓಡ್ತಾ ಇದೆ,” ಎಂದರು ಅವರು.

“ಈಗ ಬಗ್ಗಿಸಿದ್ರೆ ಆ ನಾರು ತಡಿಯುತ್ತಾ ಸರ್? ಮಂಡಿ ಕೆಂಡದಂಗೆ ಐತೆ. ಈ ಉರಿಯೊಳಗೆ ಅಂಟು ಬಿಡಿಸಿದ್ರೆ ಎರಡರಷ್ಟು ಅಂಟ್ಕಳ್ಳುತ್ತೆ. ಮೊದಲು ತಣ್ಣಗಾಗ್ಲಿ.”

“ತಣ್ಣಗಾಗೋವರೆಗೆ ಕಾದು ಅಂಟು ಗಟ್ಟಿ ಆಯ್ತು ಅಂದ್ಕಳಿ. ಆಗ ಬಗ್ಗಿಸುವಾಗ ಬಿಡೋದು ಅಂಟಲ್ಲ, ತೊಡೆಮೂಳೆ. ಅರವತ್ತು ದಾಟಿದ ಮೂಳೆ.”

ಇಬ್ಬರ ಮಾತೂ ಸರಿಯಿತ್ತು. ಅದೇ ಕಷ್ಟ. ಕೊನೆಗೆ ಡಾಕ್ಟರು ನನ್ನನ್ನು ಕರೆದುಕೊಂಡು ಮೇಷ್ಟ್ರ ಮಂಚದ ಬಳಿ ಹೋಗಿ ಸ್ಟೂಲಿನ ಮೇಲೆ ಕೂತರು. ಎರಡೂ ದಾರಿಯನ್ನು, ಎರಡರ ಅಪಾಯವನ್ನು ಏನೂ ಮುಚ್ಚಿಡದೆ ಹೇಳಿದರು. ಮೇಷ್ಟ್ರು ನನ್ನ ಕಡೆ ತಿರುಗಿದರು.

“ಕಾಯೋದು ಅಂದ್ರೆ ನಾನೇನು ಮಾಡ್ಬೇಕು?”

“ಮಂಡಿಗೆ ಏನೂ ಮಾಡಬಾರದು. ಮಲಗಿ ತೊಡೆ ಬಿಗಿ ಮಾಡಿ ಬಿಡೋದು, ಪಾದ ಆಡಿಸೋದು, ಅಷ್ಟೇ. ಬಗ್ಗಿಸೋದನ್ನ ನಾನು ಹೇಳೋವರೆಗೆ ಮುಟ್ಟಬಾರದು.”

“ಬಗ್ಗೋದು ಇನ್ನೂ ಕಮ್ಮಿ ಆಗುತ್ತಲ್ಲ?”

“ಆಗುತ್ತೆ.”

ಮೇಷ್ಟ್ರು ಊದಿದ ಮಂಡಿಯ ಮೇಲೆ ಅಂಗೈ ಇಟ್ಟರು. ಆಮೇಲೆ ಡಾಕ್ಟರಿಗೆ, “ಕಾಯಾಣ ಸರ್. ನಾನು ಒತ್ತಿಸಿ ನೋಡಿದ್ದಾತಲ್ಲ” ಎಂದರು. ಮೂರು ತಿಂಗಳ ಗಡಿ ದಾಟಬಾರದು, ಅದಕ್ಕೆ ಮೊದಲೇ ಒಂದು ದಿನ ಗೊತ್ತುಮಾಡಬೇಕು ಎಂಬ ಷರತ್ತಿನ ಮೇಲೆ ಡಾಕ್ಟರು ಒಪ್ಪಿದರು.

ಪರೀಕ್ಷೆಗೆ ಕಳಿಸಿದ ನೀರಿನ ವರದಿ ಬರುವವರೆಗೆ ಪ್ರತಿ ಫೋನನ್ನೂ ಮೊದಲ ರಿಂಗಿಗೇ ಎತ್ತುತ್ತಿದ್ದೆ. ಸೋಂಕಿಲ್ಲ ಎಂದು ಬಂತು. ಆ ಸಮಾಧಾನವೂ ಹೆಚ್ಚು ದಿನ ಉಳಿಯಲಿಲ್ಲ. ಆ ವಾರಗಳಲ್ಲಿ ನಾನು ಹೊಳಲ್ಕೆರೆಗೆ ಹೋಗಿ ಮಾಡುತ್ತಿದ್ದದ್ದು ಇಷ್ಟು: ಮಂಜುಗಡ್ಡೆ, ಗಾಯದ ಗೆರೆಯ ಮೇಲೆ ಬೆರಳ ತುದಿಯ ನೇವರಿಕೆ, ಚಿಪ್ಪನ್ನು ನೋಯದ ಹಾಗೆ ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ ಸರಿಸುವುದು, ಕಾಲು ಪೂರ್ತಿ ನೇರವಾಗಿ ಚಾಚುವಂತೆ ನೋಡಿಕೊಳ್ಳುವುದು. ಬಗ್ಗುವುದು ಅರವತ್ತೆರಡಕ್ಕೆ ಇಳಿಯಿತು. ಅಷ್ಟಕ್ಕೆ ಕುರ್ಚಿಯಲ್ಲಿ ಕೂತರೂ ಕಾಲು ಎದುರಿಗೆ ಚಾಚಿಕೊಂಡೇ ಇರುತ್ತದೆ. ನೋಡಲು ಬಂದ ನೆಂಟರೊಬ್ಬರು ನನ್ನೆದುರಿಗೇ, “ಇವ್ರು ಬರೀ ಕೈ ಸವರಿ ಹೋಗ್ತಾರಲ್ಲ” ಎಂದರು. ನನ್ನನ್ನು ಬಾಗಿಲವರೆಗೆ ಕಳಿಸಲು ಬಂದ ಮೇಷ್ಟ್ರ ಹೆಂಡತಿ, “ನಿಮಗೆ ನಂಬಿಕೆ ಐತಲ್ಲ ಮೇಡಂ?” ಎಂದು ಕೇಳಿದರು. ಐತೆ ಎಂದೆ. ವಾಪಸ್ಸು ಬರುವ ಬಸ್ಸಿನಲ್ಲಿ ಕೂತು, ನನ್ನ ಮಾತು ತಪ್ಪಾದರೆ ಒಬ್ಬ ಮನುಷ್ಯ ಉಳಿದ ಬಾಳೆಲ್ಲ ಕೋಲಿನಂಥ ಕಾಲು ಹೊತ್ತು ನಡೆಯಬೇಕಲ್ಲ ಎಂದುಕೊಂಡೆ.

ಹೊಸದುರ್ಗದ ಟೂರ್ನಮೆಂಟು ಮೇಷ್ಟ್ರಿಲ್ಲದೆಯೇ ನಡೆಯಿತು. ಅಲ್ಲಿದ್ದ ಅವರ ಹಳೆಯ ಶಿಷ್ಯೆಯೊಬ್ಬಳು ಮೈದಾನದ ಪಕ್ಕದಿಂದ ಫೋನು ಹಚ್ಚಿ ಹಿಡಿದಿದ್ದಳು. ದಿಂಬಿನ ಮೇಲೆ ಫೋನಿಟ್ಟುಕೊಂಡು ಮೇಷ್ಟ್ರು ಕಣ್ಣು ಮುಚ್ಚಿ ಮಲಗಿದ್ದರು. ನಾನು ಅವರ ತೊಡೆಯ ಮೇಲೆ ಅಂಗೈ ಇಟ್ಟು ಸ್ನಾಯು ಎಷ್ಟು ಬಿಗಿಯುತ್ತದೆ ಎಂದು ನೋಡುತ್ತಿದ್ದೆ. ಅಷ್ಟು ದಿನ ನಾನು ಬಿಗಿ ಮಾಡಿ ಎಂದರೆ ಸೋಮಾರಿಯಂತೆ ಒಂದಿಷ್ಟು ಕದಲುತ್ತಿದ್ದ ತೊಡೆ, ಫೋನಿನಲ್ಲಿ “ಖೋ!” ಎಂಬ ಕೂಗು ಕೇಳಿದಾಗಲೆಲ್ಲ ನನ್ನ ಅಂಗೈಯಡಿ ಜಿಗಿಯಿತು. “ಏಳೇ, ಏಳು!” ಎಂದು ಅವರು ಮಲಗಿದಲ್ಲೇ ಗದರಿದರು. ತಂಡ ಸೋತಿತು. ನಾನು ಮಾತ್ರ ಒಳಗೊಳಗೇ ಗೆದ್ದಿದ್ದೆ; ಸ್ನಾಯು ಎಚ್ಚರವಾಗಿತ್ತು.

ಅದಾದ ಮುಂದಿನ ವಾರ ಚಿಪ್ಪಿನ ಪಕ್ಕದ ಗುಳಿಗಳು ಮತ್ತೆ ಕಾಣಿಸಿದವು. ನಾರಿನ ಮೇಲೆ ಒತ್ತಿದರೆ ನೋಯುತ್ತಿರಲಿಲ್ಲ. ಎರಡೂ ಮಂಡಿಯ ಮೇಲೆ ಒಂದೊಂದು ಕೈ ಇಟ್ಟೆ. ಬಿಸಿಯಲ್ಲಿ ವ್ಯತ್ಯಾಸ ತಿಳಿಯಲಿಲ್ಲ. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. “ಈಗ ಮಾಡಬಹುದು ಸರ್.”

“ಗಡಿ ಹತ್ರ ಬಂದುಬಿಟ್ಟಿದೀವಿ,” ಎಂದರು. “ನೀವೂ ಥಿಯೇಟರಿಗೆ ಬರ್ರಿ.”

ಮೇಷ್ಟ್ರಿಗೆ ಅರಿವಳಿಕೆ ಹಿಡಿದ ಮೇಲೆ ಡಾಕ್ಟರು ತೊಡೆಯನ್ನು ನೆಟ್ಟಗೆ ಮೇಲಕ್ಕೆತ್ತಿ ಹಿಡಿದು, ಮಂಡಿಯಿಂದ ಕೆಳಗಿನ ಕಾಲನ್ನು ತನ್ನ ಭಾರಕ್ಕೇ ಇಳಿಯಬಿಟ್ಟರು. ಅರವತ್ತೈದರ ಹತ್ತಿರ ಬಂದು ನಿಂತಿತು. ಎರಡೂ ಕೈಯಿಂದ ಮಂಡಿಯ ಸ್ವಲ್ಪವೇ ಕೆಳಗೆ ಹಿಡಿದರು. ಪಾದದ ಹತ್ತಿರ ಹಿಡಿದರೆ ಬಲ ಜಾಸ್ತಿ, ಮೂಳೆ ಮುರಿಯುವುದು ಹಾಗೆಯೇ. ಝಾಡಿಸದೆ, ಎಳೆಯದೆ, ಮೈಭಾರವನ್ನು ನಿಧಾನವಾಗಿ ಕೈಗೆ ಇಳಿಸಿದರು. ಏನೂ ಆಗಲಿಲ್ಲ. ಇನ್ನೊಂದಿಷ್ಟು. ಹೃದಯ ನೋಡುವ ಯಂತ್ರದ ಸದ್ದೊಂದೇ.

ಆಗ ಕೇಳಿಸಿತು. ಹಸಿ ನೆಲದಿಂದ ಶೇಂಗಾ ಗಿಡ ಕೀಳುವಾಗ ಬೇರು ಪಟಪಟನೆ ಬಿಡುವ ಹಾಗೆ. ಮುರಿಯುವ ಸದ್ದು ಒಂದೇ ಸಲ, ಗಟ್ಟಿಯಾಗಿ ಬರುತ್ತದೆ. ಇದು ಸಣ್ಣಗೆ, ಒಂದರ ಹಿಂದೆ ಒಂದು. “ಎಂಬತ್ತೈದು,” ಎಂದೆ, ಅಳತೆಗೋಲು ಹಿಡಿದು. ಡಾಕ್ಟರು ಕೈ ಸಡಿಲಿಸಿ, ನರ್ಸಿನ ಕೈಯಲ್ಲಿ ಬೆವರು ಒರೆಸಿಸಿಕೊಂಡು ಮತ್ತೆ ಹಿಡಿದರು. ತೊಂಬತ್ತೆಂಟು. ಅಲ್ಲಿ ನಿಂತು ಬಿಟ್ಟಿತು. ಅವರು ನನ್ನ ಮುಖ ನೋಡಿದರು. ಮತ್ತೊಮ್ಮೆ ಭಾರ ಇಳಿಸಿದರು. ಪಟಪಟ. ನೂರಾ ಹನ್ನೆರಡು.

“ಸಾಕು. ಆಸೆ ಪಡಬಾರದು,” ಎಂದು ಕಾಲು ಕೆಳಗಿಟ್ಟರು. ಪರದೆಯ ಮೇಲೆ ಮೂಳೆ ನೋಡಿದೆವು. ಎಲ್ಲೂ ಬಿರುಕಿನ ಗೆರೆಯಿರಲಿಲ್ಲ.

ನಿಜವಾದ ಪರೀಕ್ಷೆ ಆಮೇಲಿನದು. ಬಿಟ್ಟ ಅಂಟು ಅಂದಿನಿಂದಲೇ ಮತ್ತೆ ಹಿಡಿಯಲು ನೋಡುತ್ತದೆ. ನೋವಿನ ಮದ್ದನ್ನು ನರದ ಹತ್ತಿರ ಹರಿಸುತ್ತಾ, ಕಾಲನ್ನು ತಾನೇ ಮಡಚಿ ಬಿಡಿಸುವ ಯಂತ್ರದ ಮೇಲಿಟ್ಟೆವು. ಮರುದಿನ ಯಂತ್ರದಿಂದ ಇಳಿಸಿ ಬಗ್ಗಿಸಿ ಎಂದಾಗ ಮೇಷ್ಟ್ರು ಬಗ್ಗಿಸಲಿಲ್ಲ. ಟವಲು ಕಚ್ಚಿ ಮಾಡುತ್ತಿದ್ದ ಮನುಷ್ಯ ಈಗ ಎರಡೂ ಕೈಯಲ್ಲಿ ಹಾಸಿಗೆಯ ಅಂಚು ಹಿಡಿದು, ನನ್ನ ಕೈ ಹತ್ತಿರ ಬಂದರೇ ಬೆಚ್ಚುತ್ತಿದ್ದರು. ಎಂಬತ್ತೆಂಟು. ಸಂಜೆಗೆ ಎಂಬತ್ತೈದು. ನಿನ್ನೆ ಗೆದ್ದದ್ದು ನನ್ನ ಕಣ್ಣೆದುರೇ ಸೋರಿಹೋಗುತ್ತಿತ್ತು.

“ಮಾಡಲೇಬೇಕು ಸರ್ ಈಗ.”

“ನೀವೇ ಮುಟ್ಟಬ್ಯಾಡ ಅಂದ್ರಿ. ಈಗ ನೀವೇ ಮಾಡು ಅಂತೀರಿ. ಮತ್ತೆ ಟಕ್ ಅಂದ್ರೆ?”

ಎರಡಕ್ಕೂ ಇರುವ ವ್ಯತ್ಯಾಸ ಮಾತಲ್ಲಿ ಹೇಳಿದರೆ ಅವರ ತಲೆಗೆ ಹೋಗುತ್ತಿತ್ತು, ಕಾಲಿಗೆ ಹೋಗುತ್ತಿರಲಿಲ್ಲ. ನಾನು ಹೊರಗೆ ಬಂದೆ. ವರಾಂಡದ ತುದಿಯಲ್ಲಿ ತಮ್ಮ ಕೂತಿದ್ದರು. ಹಿಂಡನ್ನು ಬೇರೆಯವರಿಗೆ ಒಪ್ಪಿಸಿ ಬಂದವರು ಆಸ್ಪತ್ರೆಗೆ ದಿನಾ ಬರುತ್ತಿದ್ದರು, ಕೋಣೆಯೊಳಗೆ ಮಾತ್ರ ಕಾಲಿಟ್ಟಿರಲಿಲ್ಲ.

“ಒಳಗೆ ಬರ್ರಿ. ನೀವು ಬೇಕು.”

“ನಾನಾ? ನಾ ಮುಟ್ಟಲ್ಲಮ್ಮ.”

“ಮುಟ್ಟೋದಕ್ಕೇ ಕರಿತಿರೋದು.”

ಮಂಚದ ಅಂಚಿನಲ್ಲಿ ಮೇಷ್ಟ್ರನ್ನು ಕೂರಿಸಿ, ತಮ್ಮನನ್ನು ಕೆಳಗೆ ಕೂರಿಸಿದೆ. ಅವರ ದೊಡ್ಡ ಕೈಯನ್ನು ಹಿಡಿದು ಅಣ್ಣನ ಪಾದದ ಗೆಣ್ಣಿನ ಮುಂದೆ ಇಟ್ಟು, ಅದರ ಮೇಲೆ ನನ್ನ ಕೈ ಇಟ್ಟೆ. “ನೀವು ತಳ್ಳಬಾರದು. ಮೊದಲು ಅವರು ನಿಮ್ಮ ಕೈನ ಒತ್ತುತ್ತಾರೆ, ನೀವು ಬರೀ ತಡೀರಿ. ಅವರು ಬಿಟ್ಟಾಗ ಕಾಲು ಎಷ್ಟು ಬಗ್ಗುತ್ತೋ ಅಷ್ಟಕ್ಕೆ ಕೈ ಹೋಗ್ಲಿ. ಅದಕ್ಕಿಂತ ಒಂದು ಎಳೆನೂ ಮುಂದಕ್ಕೆ ಬ್ಯಾಡ.”

ತಮ್ಮ ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು. ಅಣ್ಣ ಅದನ್ನು ನೋಡಿದರು. ಆಪರೇಷನ್ ಆದ ಕಾಲನ್ನು ಮರೆತು, ಮೈದಾನದಲ್ಲಿ ಹೊಸ ಆಟಗಾರರಿಗೆ ಹೇಳುವ ದನಿಯಲ್ಲಿ, “ಹಿಡ್ಕಳಲೇ. ಹೆದರ್ಬ್ಯಾಡ. ನಂದೇ ಕಾಲು ಅದು” ಎಂದರು.

ಅಣ್ಣ ಕಾಲನ್ನು ಮುಂದಕ್ಕೆ ಒತ್ತಿದರು. ಬಿಟ್ಟರು. ಕಾಲು ಒಂದಿಷ್ಟು ಒಳಗೆ ಸರಿಯಿತು. ಮತ್ತೆ ಒತ್ತಿದರು, ಬಿಟ್ಟರು. ಹಾಸಿಗೆಯ ಅಂಚಿನಿಂದ ಮೊದಲು ಒಂದು ಕೈ, ಆಮೇಲೆ ಇನ್ನೊಂದು ಕೈ ಸಡಿಲಾಯಿತು. “ಹಿಂಗಾ ಅಮ್ಮ? ಇಷ್ಟೇನಾ?” ಎಂದು ತಮ್ಮ ಮತ್ತೆ ಮತ್ತೆ ಕೇಳುತ್ತಿದ್ದರು. ನಾನು ಅಳತೆಗೋಲು ತೆಗೆಯಲಿಲ್ಲ. ಪಾದ ಮಂಚದ ಕೆಳಗೆ ನುಸುಳಿತ್ತು. ತೊಂಬತ್ತು ದಾಟಿದ್ದು ಬರಿಗಣ್ಣಿಗೇ ಕಾಣುತ್ತಿತ್ತು.

ಕೊನೆಗೆ ನಿಂತದ್ದು ನೂರಾ ನಾಲ್ಕರಲ್ಲಿ. ಥಿಯೇಟರಿನಲ್ಲಿ ಕಂಡದ್ದೆಲ್ಲ ಉಳಿಯಲಿಲ್ಲ, ಉಳಿಯುತ್ತದೆಂದು ನಾನೂ ಎಣಿಸಿರಲಿಲ್ಲ. ಕಾಲು ಪೂರ್ತಿ ನೇರವಾಗುತ್ತದೆ. ಕೋಲಿಲ್ಲದೆ ಬಸ್ಸಿನ ಮೆಟ್ಟಿಲು ಹತ್ತುತ್ತಾರೆ. ನೆಲದ ಮೇಲೆ ಚಕ್ಕಲಮಕ್ಕಲ ಹಾಕಲು, ಕುಕ್ಕುರುಗಾಲಲ್ಲಿ ಕೂರಲು ಆಗುವುದಿಲ್ಲ. ಅದನ್ನು ಹೇಳುವ ದಿನ ನಾನು ಮನಸ್ಸು ಗಟ್ಟಿ ಮಾಡಿಕೊಂಡು ಅವರ ಮನೆಗೆ ಹೋಗಿದ್ದೆ. ಖೋಖೋದವರಿಗೆ ಕುಕ್ಕುರುಗಾಲೇ ಮೊದಲ ಪಾಠ.

“ಕೂತು ತೋರ್ಸೋದು ಇನ್ನು ಆಗಲ್ಲ ಅನ್ರಿ,” ಎಂದರು ಮೇಷ್ಟ್ರು.

“ಇಲ್ಲ ಸರ್. ಅಷ್ಟು ಬರಲ್ಲ.”

ಮೇಷ್ಟ್ರು ಪಂಚೆಯನ್ನು ಇನ್ನೊಂದು ಕಡೆಯಿಂದ ಮೇಲಕ್ಕೆ ಸರಿಸಿದರು.

“ಹಂಗಾದ್ರೆ ಎಡಗಾಲು ನೋಡ್ರಿ. ಇದೂ ಸವೆದೈತೆ. ಬಲಗಾಲಿನ ಗಲಾಟೆಯಾಗೆ ಯಾರಿಗೂ ಹೇಳಿರಲಿಲ್ಲ.”

ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. “ದೇವ್ರೇ, ಮತ್ತೆ ಮೊದ್ಲಿಂದನಾ?”

“ಮಾಡಿಸ್ಲೇಬೇಕಲ್ಲೇ. ಒಂದು ಕಾಲಾಗೆ ಎಷ್ಟು ದಿನ ನಿಂತ್ಕಳ್ಳಲಿ?”

ನಾನು ನೆಲದ ಮೇಲೆ ಕೂತು ಎಡಮಂಡಿಯ ಮೇಲೆ ಅಂಗೈ ಇಟ್ಟೆ. “ನಿಧಾನಕ್ಕೆ ಬಗ್ಗಿಸಿ ಸರ್.” ಅವರು ಬಗ್ಗಿಸಿದರು. ಮೂಳೆಗೆ ಮೂಳೆ ಉಜ್ಜುವುದು ಚರ್ಮದ ಮೇಲಿನಿಂದಲೇ ಅಂಗೈಗೆ ತಿಳಿಯುತ್ತಿತ್ತು. ಗಂಡ ಹೆಂಡತಿ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.